ಬಣ್ಣ ಬದಲಾಗದಿದ್ದರೆ ದ್ರಾವಣ ತಟಸ್ಥವೆಂದು ಬರೆಯಬಹುದೇ?

ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಹತ್ತನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಬಂದ ಒಂದು ಉತ್ತರದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಕೇಳಬೇಕಾಗಿದೆ. ಅ, ಆ, ಇ ಎಂದು ಚೀಟಿ ಅಂಟಿಸಿದ ಮೂರು ಪ್ರನಾಳಗಳಲ್ಲಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ಅಡುಗೆ ಉಪ್ಪಿನ ದ್ರಾವಣ ಮತ್ತು ವಾಷಿಂಗ್ ಸೋಡಾದ ದ್ರಾವಣವನ್ನು ಇಟ್ಟು, ಫೀನಾಫ್ತಲೀನ್ ಸೂಚಕವೊಂದನ್ನೇ ಕೊಟ್ಟು, ಯಾವುದರಲ್ಲಿ ಏನಿದೆಯೆಂದು ಗುರುತಿಸಲು ಹೇಳಿದ್ದೆ. ಇ ಪ್ರನಾಳದಲ್ಲಿ ಗುಲಾಬಿ ಬಣ್ಣ ಬಂತು, ಉಳಿದೆರಡರಲ್ಲಿ ಯಾವ ಬಣ್ಣವೂ ಬರಲಿಲ್ಲ. ಹೆಚ್ಚಿನ ಮಕ್ಕಳು ‘ಬಣ್ಣರಹಿತ, ಆದ್ದರಿಂದ ಆಮ್ಲ’ ಎಂದು ಎರಡಕ್ಕೂ ಬರೆದರು. ಕೆಲವರು ಊಹೆಯ ಮೇಲೆ ಒಂದನ್ನು ಆಮ್ಲವೆಂದೂ ಇನ್ನೊಂದನ್ನು ತಟಸ್ಥವೆಂದೂ ಬರೆದರು. ಒಬ್ಬ ಹುಡುಗಿ ಮಾತ್ರ, ‘ಅ ಮತ್ತು ಆ ಎರಡರಲ್ಲಿಯೂ ಬಣ್ಣ ಬರಲಿಲ್ಲ, ಆದ್ದರಿಂದ ಇವುಗಳಲ್ಲಿ ಆಮ್ಲ ಯಾವುದೆಂದು ಈ ಸೂಚಕದಿಂದ ಹೇಳಲಾಗದು’ ಎಂದು ಬರೆದಿದ್ದಳು. ನಾನು ಸಿದ್ಧಪಡಿಸಿಕೊಂಡಿದ್ದ ಮಾದರಿ ಉತ್ತರದಲ್ಲಿ ‘ಬಣ್ಣರಹಿತ – ಆಮ್ಲ’ ಎಂದಿದ್ದುದರಿಂದ ಅವಳಿಗೆ ಅರ್ಧ ಅಂಕವನ್ನಷ್ಟೇ ಕೊಟ್ಟೆ. ಈಗ ಯೋಚಿಸಿದರೆ ತಪ್ಪು ಅವಳ ಉತ್ತರದಲ್ಲಿಲ್ಲ, ನನ್ನ ಪ್ರಶ್ನೆಯಲ್ಲಿದೆ ಎನ್ನಿಸುತ್ತಿದೆ.

ನನ್ನ ಪ್ರಶ್ನೆಗಳು ಎರಡು. ಫೀನಾಫ್ತಲೀನ್ ಒಂದೇ ಇದ್ದಾಗ ಆಮ್ಲವನ್ನೂ ತಟಸ್ಥ ದ್ರಾವಣವನ್ನೂ ಬೇರ್ಪಡಿಸಿ ಹೇಳುವ ದಾರಿ ಇದೆಯೇ? ಎರಡನೆಯದಾಗಿ, ಇದನ್ನು ಮಕ್ಕಳಿಗೆ ಇನ್ನೊಂದು ಸೂಚಕದಿಂದ ತೋರಿಸೋಣವೆಂದು ಶಾಲೆಯ ಅಂಗಳದ ಕೆಂಪು ದಾಸವಾಳವನ್ನು ಕುದಿಸಿ ಕಷಾಯ ತೆಗೆದರೆ, ಅದು ಗುಲಾಬಿಯಾಗುವ ಬದಲು ಮಾಸಲು ಹಸಿರು ಬಣ್ಣಕ್ಕೆ ತಿರುಗಿತು. ಯಾವ ಆಮ್ಲವನ್ನೂ ಪ್ರತ್ಯಾಮ್ಲವನ್ನೂ ಇನ್ನೂ ಹಾಕಿರಲಿಲ್ಲ. ಕಾರಣ ತಿಳಿದವರು ದಯವಿಟ್ಟು ಬರೆಯಿರಿ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮೈಸೂರು

ಮೇಡಂ, ಆ ಹುಡುಗಿಗೆ ಪೂರ್ಣ ಅಂಕ ಕೊಡಿ. ತನ್ನ ಕೈಯಲ್ಲಿರುವ ಸೂಚಕ ಎಷ್ಟನ್ನು ಹೇಳಬಲ್ಲದು, ಎಷ್ಟನ್ನು ಹೇಳಲಾರದು ಎಂಬುದನ್ನು ಆಕೆ ಅರಿತು ಬರೆದಿದ್ದಾಳೆ.

ಸೂಚಕವೆಂಬುದು ತಾನೇ ಒಂದು ದುರ್ಬಲ ಆಮ್ಲ ಅಥವಾ ದುರ್ಬಲ ಪ್ರತ್ಯಾಮ್ಲ. ಹೈಡ್ರೋಜನ್ ಅಯಾನನ್ನು ಹಿಡಿದಿಟ್ಟುಕೊಂಡಿರುವಾಗ ಅದಕ್ಕೆ ಒಂದು ಬಣ್ಣ, ಬಿಟ್ಟುಕೊಟ್ಟಾಗ ಇನ್ನೊಂದು ಬಣ್ಣ. ದ್ರಾವಣ ಎಷ್ಟು ಆಮ್ಲೀಯ ಅಥವಾ ಪ್ರತ್ಯಾಮ್ಲೀಯ ಎಂಬುದರ ಅಳತೆಯೇ ಪಿಎಚ್: 7 ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ. ಯಾವ ಪಿಎಚ್‌ನಲ್ಲಿ ಅದು ಅಯಾನನ್ನು ಬಿಟ್ಟುಕೊಡುತ್ತದೆ ಎಂಬುದು ಆಯಾ ಅಣುವಿನ ರಚನೆಯನ್ನು ಅವಲಂಬಿಸಿದೆ. ನಾವು ತಟಸ್ಥವೆಂದು ಕರೆಯುವ 7ಕ್ಕೂ ಅದಕ್ಕೂ ಯಾವ ಒಪ್ಪಂದವೂ ಇಲ್ಲ. ಫೀನಾಫ್ತಲೀನ್ ಸುಮಾರು 8.2ರವರೆಗೆ ಬಣ್ಣರಹಿತವಾಗಿದ್ದು, ಅಲ್ಲಿಂದ 10ರೊಳಗೆ ಪೂರ್ತಿ ಗುಲಾಬಿಯಾಗುತ್ತದೆ. ಹೀಗಾಗಿ ಪಿಎಚ್ 1 ಇರುವ ಆಮ್ಲವೂ, 7 ಇರುವ ಉಪ್ಪುನೀರೂ, 8 ಇರುವ ಅತಿ ದುರ್ಬಲ ಪ್ರತ್ಯಾಮ್ಲವೂ ಅದರ ಮಟ್ಟಿಗೆ ಒಂದೇ. ‘ಬಣ್ಣವಿಲ್ಲ’ ಎಂದರೆ ‘8.2ಕ್ಕಿಂತ ಕೆಳಗಿದೆ’ ಎಂದಷ್ಟೇ ಅರ್ಥ.

ಲಿಟ್ಮಸ್ಸಿನ ಸಂಗತಿ ಬೇರೆ. ಅದು ಬಣ್ಣ ಬದಲಿಸುವುದು ಸುಮಾರು 5ರಿಂದ 8ರ ನಡುವೆ, ಅಂದರೆ ತಟಸ್ಥ ಬಿಂದುವಿನ ಎರಡೂ ಬದಿಯನ್ನು ಆವರಿಸಿಕೊಂಡು. ಆದರೂ ಕೆಂಪು ಲಿಟ್ಮಸ್ ಕಾಗದವೊಂದನ್ನೇ ಕೊಟ್ಟರೆ ನಿಮ್ಮ ಮಕ್ಕಳಿಗೆ ಎದುರಾದ ತೊಡಕೇ ಎದುರಾಗುತ್ತದೆ: ಆಮ್ಲದಲ್ಲೂ ಅದು ಕೆಂಪು, ಉಪ್ಪುನೀರಿನಲ್ಲೂ ಕೆಂಪು. ಹತ್ತನೆಯ ತರಗತಿಯ ಪಾಠದಲ್ಲಿ ಇದೇ ಪ್ರಶ್ನೆ ಇದೆಯಲ್ಲವೇ? ಕೆಂಪು ಲಿಟ್ಮಸ್ ಮಾತ್ರ ಕೊಟ್ಟು, ಆಮ್ಲ, ಪ್ರತ್ಯಾಮ್ಲ, ಬಟ್ಟಿ ಇಳಿಸಿದ ನೀರು ಇವುಗಳನ್ನು ಗುರುತಿಸಲು ಹೇಳುವ ಪ್ರಶ್ನೆ. ಮೊದಲು ಕಾಗದವನ್ನು ನೀಲಿ ಮಾಡುವ ಪ್ರನಾಳವನ್ನು ಪತ್ತೆಮಾಡಿ, ಅದು ಪ್ರತ್ಯಾಮ್ಲವೆಂದು ತಿಳಿದ ಮೇಲೆ, ಹಾಗೆ ನೀಲಿಯಾದ ಕಾಗದವನ್ನೇ ಉಳಿದೆರಡರಲ್ಲಿ ಅದ್ದಬೇಕು. ಮತ್ತೆ ಕೆಂಪಾಗಿಸುವುದು ಆಮ್ಲ, ನೀಲಿಯಾಗಿಯೇ ಉಳಿಸುವುದು ನೀರು. ನಿಮ್ಮ ಪ್ರಯೋಗಕ್ಕೂ ಇದೇ ಉಪಾಯ ಹೊಂದುತ್ತದೆ. ಇ ಪ್ರನಾಳದ ಗುಲಾಬಿ ದ್ರಾವಣವನ್ನು ಅ ಮತ್ತು ಆ ಪ್ರನಾಳಗಳಿಗೆ ಹಾಕಿ ನೋಡಲು ಹೇಳಿ. ಆಮ್ಲ ಅದರ ಬಣ್ಣವನ್ನು ಕಳೆಯುತ್ತದೆ, ಉಪ್ಪುನೀರು ಕಳೆಯುವುದಿಲ್ಲ.

ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಸರ್, ಇಷ್ಟು ಸುತ್ತು ಬಳಸುವ ಬದಲು ಮೀಥೈಲ್ ಆರೆಂಜ್ ಕೊಟ್ಟರೆ ಸಾಕಲ್ಲವೇ? ಅದು ಆಮ್ಲದಲ್ಲಿ ಕೆಂಪು, ತಟಸ್ಥ ದ್ರಾವಣದಲ್ಲಿ ಹಳದಿ. ಆಮ್ಲವನ್ನು ತಟಸ್ಥ ದ್ರಾವಣದಿಂದ ಬೇರ್ಪಡಿಸುವುದಷ್ಟೇ ಉದ್ದೇಶವಾದರೆ ಅದೇ ಸರಿಯಾದ ಸೂಚಕವೆಂದು ನನ್ನ ಅನಿಸಿಕೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮೈಸೂರು

ಹೈಡ್ರೋಕ್ಲೋರಿಕ್ ಆಮ್ಲದ ಮಟ್ಟಿಗೆ ನಿಮ್ಮ ಮಾತು ಸರಿ, ತಂಗಿ. ಆದರೆ ಮೀಥೈಲ್ ಆರೆಂಜ್‌ನ ಗಡಿ ಇರುವುದು 3.1ರಿಂದ 4.4ರ ನಡುವೆ. ಒಂದು ಲೋಟ ಎಳನೀರಿಗೆ ಅದನ್ನು ಹಾಕಿ ನೋಡಿ. ಎಳನೀರಿನ ಪಿಎಚ್ ಸುಮಾರು 5. ಅದು ಖಂಡಿತವಾಗಿ ಆಮ್ಲೀಯ, ಆದರೂ ಮೀಥೈಲ್ ಆರೆಂಜ್ ಅದರಲ್ಲಿ ಹಳದಿಯಾಗಿಯೇ ಇರುತ್ತದೆ. ಮಳೆನೀರಿನಲ್ಲಿಯೂ ಅಷ್ಟೆ. ಫೀನಾಫ್ತಲೀನ್‌ನ ಗಡಿ 7ರಿಂದ ಮೇಲಕ್ಕೆ ಸರಿದಿದ್ದರೆ, ಇದರದು ಬಹಳ ಕೆಳಕ್ಕೆ ಸರಿದಿದೆ. ಮೊದಲನೆಯದು ಆಮ್ಲವನ್ನು ತಟಸ್ಥದೊಂದಿಗೆ ಬೆರೆಸಿಬಿಡುತ್ತದೆ, ಎರಡನೆಯದು ದುರ್ಬಲ ಆಮ್ಲವನ್ನು ತಟಸ್ಥದೊಂದಿಗೂ ಪ್ರತ್ಯಾಮ್ಲದೊಂದಿಗೂ ಬೆರೆಸಿಬಿಡುತ್ತದೆ. ‘ಹಳದಿ – ತಟಸ್ಥ’ ಎಂದು ಕಲಿತ ಮಗು ವಾಷಿಂಗ್ ಸೋಡಾದ ದ್ರಾವಣವನ್ನೂ ತಟಸ್ಥವೆಂದೇ ಬರೆದೀತು.

ಈ ಕೆಲಸಕ್ಕೆ ನಿಜವಾಗಿ ಹೊಂದುವುದು ಬ್ರೋಮೋಥೈಮಾಲ್ ಬ್ಲೂ. 6ಕ್ಕಿಂತ ಕೆಳಗೆ ಹಳದಿ, 7.6ಕ್ಕಿಂತ ಮೇಲೆ ನೀಲಿ, ನಡುವೆ ಹಸಿರು. ಅದರ ಬದಲಾವಣೆಯ ಮಧ್ಯಬಿಂದು 7ರ ಹತ್ತಿರವೇ ಇದೆ. ದೊಡ್ಡ ಊರುಗಳ ಪ್ರಯೋಗಾಲಯ ಸಾಮಗ್ರಿಯ ಅಂಗಡಿಗಳಲ್ಲಿ ಕೇಳಿದರೆ ತರಿಸಿಕೊಡುತ್ತಾರೆ, ಸಣ್ಣ ಬಾಟಲಿಯೊಂದು ಶಾಲೆಗೆ ಹಲವು ವರ್ಷ ಸಾಕಾಗುತ್ತದೆ.

ಒಂದು ಹಳೆಯ ಮಾತನ್ನು ಇಲ್ಲಿ ನೆನೆಯಬೇಕೆನ್ನಿಸುತ್ತದೆ. 1664ರಲ್ಲಿ ಬಣ್ಣಗಳ ಕುರಿತು ತಾನು ಪ್ರಕಟಿಸಿದ ಗ್ರಂಥದಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ವಯೊಲೆಟ್ ಎಂಬ ಹೂವಿನ ಪಾನಕವು ಆಮ್ಲದಿಂದ ಕೆಂಪಾಗುವುದನ್ನೂ ಕ್ಷಾರದಿಂದ ಹಸಿರಾಗುವುದನ್ನೂ ವಿವರಿಸಿದನು. ಅವನು ಆರಿಸಿಕೊಂಡ ಹೂವಿನ ಸ್ವಂತ ಬಣ್ಣ ಎರಡರ ನಡುವಿನದಾಗಿತ್ತು. ಆದ್ದರಿಂದಲೇ ‘ಬದಲಾಗಲಿಲ್ಲ’ ಎಂಬುದಕ್ಕೆ ಅಲ್ಲಿ ನಿಜವಾದ ಅರ್ಥವಿತ್ತು. ಎರಡು ಬದಿಗೂ ಬದಲಾಗಬಲ್ಲ ಸೂಚಕ ಬದಲಾಗದೆ ಉಳಿದರೆ ಅದು ಸಾಕ್ಷ್ಯ. ಒಂದೇ ಬದಿಗೆ ಬದಲಾಗಬಲ್ಲ ಸೂಚಕ ಬದಲಾಗದೆ ಉಳಿದರೆ ಅದು ಅರ್ಧ ಸಾಕ್ಷ್ಯ ಮಾತ್ರ.

ನೀರು ಪರೀಕ್ಷಾ ಪ್ರಯೋಗಾಲಯದ ತಂತ್ರಜ್ಞ, ಬೆಂಗಳೂರು

ದಾಸವಾಳದ ಕಷಾಯದ ಬಗ್ಗೆ ಬರೆಯುತ್ತೇನೆ. ಮೇಡಂ, ನೀವು ಬಳಸಿದ್ದು ಕೊಳವೆಬಾವಿಯ ನೀರಲ್ಲವೇ? ಚಿತ್ರದುರ್ಗದ ಕಡೆಯ ಅಂತರ್ಜಲ ಬಹುಪಾಲು ಗಡಸು, ಅದರಲ್ಲಿ ಬೈಕಾರ್ಬೊನೇಟ್ ಸಾಕಷ್ಟು ಕರಗಿರುತ್ತದೆ. ನೆಲದೊಳಗಿಂದ ಬಂದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕೂಡ ಇರುವುದರಿಂದ ಅದು ಮೊದಲಿಗೆ ತಟಸ್ಥಕ್ಕೆ ಹತ್ತಿರವಿರುವಂತೆ ಕಾಣಬಹುದು. ಆದರೆ ಕುದಿಸಿದಾಗ ಆ ಅನಿಲ ಹೊರಟುಹೋಗುತ್ತದೆ, ಬೈಕಾರ್ಬೊನೇಟಿನ ಒಂದು ಭಾಗ ಒಡೆದು ಕಾರ್ಬೊನೇಟ್ ಆಗುತ್ತದೆ, ಪಾತ್ರೆಯ ತಳದಲ್ಲಿ ಬಿಳಿಯ ಕರೆ ಕಟ್ಟುತ್ತದೆ, ಉಳಿದ ನೀರಿನ ಪಿಎಚ್ 8ನ್ನು ದಾಟುತ್ತದೆ. ದಾಸವಾಳದ ಕೆಂಪಿಗೆ ಕಾರಣವಾದ ಆಂಥೋಸಯನಿನ್ ವರ್ಣಕವು ಪ್ರತ್ಯಾಮ್ಲದಲ್ಲಿ ಹಸಿರಾಗುವಂಥದ್ದು. ನೀವು ಏನನ್ನೂ ಹಾಕಿರಲಿಲ್ಲ ಎಂದಿರಿ. ಪ್ರತ್ಯಾಮ್ಲ ನೀರಿನ ಜೊತೆಯಲ್ಲಿಯೇ ಬಂದಿತ್ತು. ಕುದಿಸಿದ್ದು ಅಲ್ಯೂಮಿನಿಯಂ ಪಾತ್ರೆಯಲ್ಲಾಗಿದ್ದರೆ ಅದೂ ಒಂದು ಕಾರಣ, ಏಕೆಂದರೆ ಅಲ್ಯೂಮಿನಿಯಂ ಅಯಾನುಗಳು ಈ ವರ್ಣಕದೊಂದಿಗೆ ಸೇರಿ ಬಣ್ಣವನ್ನು ನೀಲಿಯತ್ತ ಎಳೆಯುತ್ತವೆ. ಸ್ಟೀಲ್ ಅಥವಾ ಗಾಜಿನ ಪಾತ್ರೆಯಲ್ಲಿ, ಸಂಗ್ರಹಿಸಿದ ಮಳೆನೀರಿನಲ್ಲಿ ಅಥವಾ ಶುದ್ಧೀಕರಣ ಘಟಕದ ನೀರಿನಲ್ಲಿ, ಎಸಳುಗಳನ್ನು ಕುದಿಸದೆ ಬಿಸಿನೀರಿನಲ್ಲಿ ನೆನೆಸಿಟ್ಟು ತೆಗೆಯಿರಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರೂ ಆಗುತ್ತದೆ. ಆದರೆ ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕೂಡ ಕ್ಯಾನುಗಳಲ್ಲಿ ಸಿಗುತ್ತದೆ. ಅದು ಸಲ್ಫ್ಯೂರಿಕ್ ಆಮ್ಲ. ಚೀಟಿಯನ್ನು ಓದದೆ ಮಕ್ಕಳ ಕೈಗೆ ಯಾವ ಕ್ಯಾನನ್ನೂ ಕೊಡಬೇಡಿ.

ಇನ್ನೊಂದು ಮುಖ್ಯ ಸಂಗತಿ. ‘ಬಟ್ಟಿ ಇಳಿಸಿದ ನೀರು ತಟಸ್ಥ’ ಎಂದು ನಾವೆಲ್ಲರೂ ಬರೆಯುತ್ತೇವೆ. ಆದರೆ ತೆರೆದಿಟ್ಟ ಬಟ್ಟಿ ನೀರು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಪಿಎಚ್ ಸುಮಾರು 5.6ಕ್ಕೆ ಇಳಿಯುತ್ತದೆ. ಅದಕ್ಕೆ ಬ್ರೋಮೋಥೈಮಾಲ್ ಬ್ಲೂ ಹಾಕಿದರೆ ಹಸಿರು ಬರುವುದಿಲ್ಲ, ಹಳದಿ ಬರುತ್ತದೆ. ಮಗು ‘ಆಮ್ಲ’ ಎಂದು ಬರೆದರೆ ಅದು ಕಂಡದ್ದನ್ನೇ ಬರೆದಂತೆ. ಅಷ್ಟೇ ಅಲ್ಲದೆ, ಶುದ್ಧ ನೀರಿಗೆ ತನ್ನ ಪಿಎಚ್ಚನ್ನು ಕಾಯ್ದುಕೊಳ್ಳುವ ಶಕ್ತಿಯೇ ಇಲ್ಲ. ಸೂಚಕದ ನಾಲ್ಕು ಹನಿ ಹೆಚ್ಚಾದರೆ ಸೂಚಕವೇ ಅದನ್ನು ಒಂದು ಬದಿಗೆ ಎಳೆದುಬಿಡುತ್ತದೆ. ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಿ ಆರಿಸಿ, ಅದರಲ್ಲಿ ಉಪ್ಪಿನ ದ್ರಾವಣ ಮಾಡಿಕೊಳ್ಳಿ. ಈ ಕುದಿಸುವ ಮಾತು ಬಟ್ಟಿ ನೀರಿಗೆ ಮಾತ್ರ ಅನ್ವಯಿಸುತ್ತದೆ. ಕೊಳವೆಬಾವಿಯ ನೀರನ್ನು ಕುದಿಸಿದರೆ ಏನಾಗುತ್ತದೆಂದು ಮೇಲೆ ಹೇಳಿದ್ದೇನೆ.

ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರ

ನಾನು ರಸಾಯನಶಾಸ್ತ್ರ ಓದಿದವನಲ್ಲ, ಆದರೆ ಆಮ್ಲ ಉಳಿದಿದೆಯೋ ಇಲ್ಲವೋ ಎಂಬುದನ್ನು ಪ್ರತಿ ಮುಂಗಾರಿನ ಮೊದಲು ನೋಡಲೇಬೇಕಾದವನು. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ಮಿಶ್ರಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಎಂಬುದು ಲೆಕ್ಕ. ಮೈಲುತುತ್ತದ ನೀರು ಆಮ್ಲೀಯ. ಸುಣ್ಣ ಕಡಿಮೆಯಾಗಿ ಆಮ್ಲ ಉಳಿದರೆ ಕಾಯಿ, ಸೋಗೆ ಸುಟ್ಟಂತಾಗುತ್ತವೆ. ಹಿರಿಯರು ಕಲಿಸಿದ ಪರೀಕ್ಷೆಯೆಂದರೆ ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿಯನ್ನು ಮಿಶ್ರಣದಲ್ಲಿ ಸ್ವಲ್ಪ ಹೊತ್ತು ಅದ್ದಿಡುವುದು. ಅದರ ಮೇಲೆ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಈಚೆಗೆ ನಾನು ಲಿಟ್ಮಸ್ ಕಾಗದವನ್ನೂ ಇಟ್ಟುಕೊಂಡಿದ್ದೇನೆ. ಕಳೆದ ವರ್ಷ ಒಂದು ಡ್ರಮ್ಮಿನಲ್ಲಿ ಕತ್ತಿ ಸ್ವಚ್ಛವಾಗಿಯೇ ಹೊರಬಂತು, ಆದರೆ ನೀಲಿ ಲಿಟ್ಮಸ್ ಸ್ವಲ್ಪ ಕೆಂಪಿಗೆ ತಿರುಗಿತು. ಯಾವುದನ್ನು ನಂಬಬೇಕು? ಕಾಗದಕ್ಕೆ ಮಿಶ್ರಣದ ನೀಲಿ ಮೆತ್ತಿಕೊಳ್ಳುವುದರಿಂದ ಬಣ್ಣ ಓದುವುದೂ ಕಷ್ಟವಾಗುತ್ತದೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮೈಸೂರು

ರಾಯರೇ, ನಿಮ್ಮ ಪ್ರಶ್ನೆ ಈ ಚರ್ಚೆಗೆ ಬಹಳ ಬೆಲೆಯುಳ್ಳದ್ದು. ಕತ್ತಿ ಮತ್ತು ಲಿಟ್ಮಸ್ ಎರಡೂ ಸುಳ್ಳು ಹೇಳುತ್ತಿಲ್ಲ, ಅವು ಉತ್ತರಿಸುತ್ತಿರುವ ಪ್ರಶ್ನೆಗಳೇ ಬೇರೆ. ಕತ್ತಿ ಹೇಳುವುದು ನೀರಿನಲ್ಲಿ ಕರಗಿದ ತಾಮ್ರ ಉಳಿದಿದೆಯೇ ಎಂಬುದನ್ನು; ಕಬ್ಬಿಣ ಕರಗಿ ತಾಮ್ರವನ್ನು ಹೊರದೂಡಿದಾಗ ಆ ಕೆಂಪು ಲೇಪ ಕೂರುತ್ತದೆ. ಲಿಟ್ಮಸ್ ಹೇಳುವುದು ಹೈಡ್ರೋಜನ್ ಅಯಾನುಗಳ ಮಟ್ಟವನ್ನು. ಸುಣ್ಣ ಸೇರಿಸುತ್ತ ಹೋದಂತೆ ತಾಮ್ರದ ಬಹುಪಾಲು ಪಿಎಚ್ 7ನ್ನು ಮುಟ್ಟುವ ಮೊದಲೇ ನೀಲಿ ಗಸಿಯಾಗಿ ಬೇರ್ಪಡುತ್ತದೆ. ಆದ್ದರಿಂದ ಕತ್ತಿ ಸ್ವಚ್ಛವಾಗಿದ್ದೂ ದ್ರಾವಣ ಸ್ವಲ್ಪ ಆಮ್ಲೀಯವಾಗಿ ಉಳಿಯುವ ಒಂದು ಕಿರಿದಾದ ಅಂತರವಿದೆ. ನಿಮ್ಮ ಡ್ರಮ್ಮು ನಿಂತಿದ್ದು ಅಲ್ಲಿಯೇ. ಇನ್ನಷ್ಟು ಸುಣ್ಣದ ತಿಳಿ ಹಾಕಿ, ನೀಲಿ ಲಿಟ್ಮಸ್ ನೀಲಿಯಾಗಿಯೇ ಉಳಿಯುವವರೆಗೆ ನೋಡುವುದು ಕ್ಷೇಮ. ಓದುವ ಕಷ್ಟಕ್ಕೆ ಪರಿಹಾರವೆಂದರೆ, ಒಂದು ಲೋಟ ಮಿಶ್ರಣವನ್ನು ಗಾಜಿನ ಪಾತ್ರೆಯಲ್ಲಿ ಅಲುಗಾಡಿಸದೆ ಇಟ್ಟು, ಗಸಿ ತಳ ಸೇರಿದ ಮೇಲೆ ಮೇಲಿನ ತಿಳಿಯಲ್ಲಿ ಮಾತ್ರ ಕಾಗದದ ತುದಿಯನ್ನು ಅದ್ದುವುದು.

ಲೆಕ್ಕ ಹಾಕಿ ನೋಡಿದರೆ 1 ಕಿಲೋ ಮೈಲುತುತ್ತವನ್ನು ಪೂರ್ತಿಯಾಗಿ ಗಸಿಯಾಗಿಸಲು ಶುದ್ಧವಾದ ಸುಟ್ಟ ಸುಣ್ಣ ಸುಮಾರು 225 ಗ್ರಾಂ ಸಾಕು. 1 ಕಿಲೋ ಹಾಕಿಯೂ ಆಮ್ಲ ಉಳಿಯಿತೆಂದರೆ ಸುಣ್ಣ ಬಹಳ ಹಳೆಯದಾಗಿ, ಗಾಳಿಯ ಕಾರ್ಬನ್ ಡೈಆಕ್ಸೈಡಿನೊಂದಿಗೆ ಸೇರಿ ಸುಣ್ಣಕಲ್ಲಿನ ಪುಡಿಯಂತಾಗಿದೆ ಎಂದೇ ಅರ್ಥ. ಹೊಸ ಸುಣ್ಣವಾದರೆ ಮಿಶ್ರಣ ಸಾಕಷ್ಟು ಪ್ರತ್ಯಾಮ್ಲೀಯವೇ ಆಗುತ್ತದೆ, ಮತ್ತು ಅದನ್ನು ಕಂಡುಹಿಡಿಯಲು ಫೀನಾಫ್ತಲೀನ್ ಸಹಾಯಕ್ಕೆ ಬರುತ್ತದೆ: ಮೇಲಿನ ತಿಳಿಗೆ ಎರಡು ಹನಿ ಹಾಕಿದಾಗ ಗುಲಾಬಿಯಾದರೆ ಸುಣ್ಣ ಹೆಚ್ಚಿದೆ. ನೀಲಿ ಲಿಟ್ಮಸ್ ಕೆಂಪಾಗಬಾರದು, ಫೀನಾಫ್ತಲೀನ್ ಗುಲಾಬಿಯಾಗಬಾರದು. ಎರಡೂ ಆಗದಿದ್ದಾಗ ದ್ರಾವಣ ತಟಸ್ಥದ ಆಸುಪಾಸಿನಲ್ಲಿದೆ. ಹೊಲದ ಎರಡು ಬದಿಗೂ ಬೇಲಿ ಹಾಕಿದಂತೆ. ಒಂದೇ ಬೇಲಿಯಿಂದ ತಟಸ್ಥತೆಯನ್ನು ಹಿಡಿಯಲಾಗದು.

ಪ್ರಾಥಮಿಕ ಶಾಲಾ ಶಿಕ್ಷಕ, ಹಾಸನ ಜಿಲ್ಲೆ

ನಮ್ಮಲ್ಲಿ ಫೀನಾಫ್ತಲೀನೂ ಇಲ್ಲ, ಬ್ರೋಮೋಥೈಮಾಲ್ ಬ್ಲೂ ಸಹ ಇಲ್ಲ. ಮಕ್ಕಳಿಗೆ ಅರಿಶಿನ ಕಾಗದವನ್ನೇ ಮಾಡಿಸುತ್ತೇನೆ. ಸಾಬೂನು ನೀರಿಗೆ ಅದು ಕೆಂಪಾಗುವುದನ್ನು ಕಂಡು ಮಕ್ಕಳು ಸಂತೋಷಪಡುತ್ತಾರೆ, ಆದರೆ ನಿಂಬೆರಸಕ್ಕೂ ನೀರಿಗೂ ಅದು ಹಳದಿಯಾಗಿಯೇ ಉಳಿಯುತ್ತದೆ. ಮೇಲಿನ ಚರ್ಚೆಯನ್ನು ಓದಿದ ಮೇಲೆ ಹೊಳೆದ ಒಂದು ಉಪಾಯವನ್ನು ನಿನ್ನೆ ತರಗತಿಯಲ್ಲಿ ಮಾಡಿ ನೋಡಿದೆ. ಹಬ್ಬದ ದಿನ, ಮದುಮಕ್ಕಳು ಮನೆಗೆ ಬಂದಾಗ, ಬಾಣಂತಿ ಮಗುವಿನೊಂದಿಗೆ ಬಂದಾಗ ಎತ್ತುವ ಆರತಿಯ ಓಕುಳಿ ನೀರು ಅರಿಶಿನ ಮತ್ತು ಸುಣ್ಣದ್ದೇ ತಾನೇ? ಅಂದರೆ ಪ್ರತ್ಯಾಮ್ಲದಿಂದ ಆಗಲೇ ಕೆಂಪಾಗಿರುವ ಸೂಚಕ. ಎರಡು ಲೋಟಗಳಲ್ಲಿ ಓಕುಳಿ ನೀರು ಹಾಕಿ, ಒಂದಕ್ಕೆ ಉಪ್ಪುನೀರನ್ನೂ ಇನ್ನೊಂದಕ್ಕೆ ನಿಂಬೆರಸವನ್ನೂ ಬೆರೆಸಿದೆವು. ಉಪ್ಪುನೀರಿನ ಲೋಟ ಕೆಂಪಾಗಿಯೇ ಉಳಿಯಿತು. ನಿಂಬೆಯ ಲೋಟ ಹಳದಿಗೆ ಮರಳಿತು. ಆದರೆ ಹುಣಸೆ ನೀರಿನಲ್ಲಿ ಬಹಳ ಹೊತ್ತು ಏನೂ ಬದಲಾಗಲಿಲ್ಲ. ಹುಣಸೆ ಆಮ್ಲವಲ್ಲವೇ ಎಂದು ಮಕ್ಕಳು ಕೇಳಿದರು, ಉತ್ತರಿಸಲು ತಿಳಿಯಲಿಲ್ಲ.

ನೀರು ಪರೀಕ್ಷಾ ಪ್ರಯೋಗಾಲಯದ ತಂತ್ರಜ್ಞ, ಬೆಂಗಳೂರು

ಸರ್, ನಿಮ್ಮ ಓಕುಳಿಯಲ್ಲಿ ಸುಣ್ಣ ಹೆಚ್ಚಾಗಿರಬೇಕು. ಆಮ್ಲ ಮೊದಲು ಆ ಸುಣ್ಣವನ್ನೆಲ್ಲ ತಟಸ್ಥಗೊಳಿಸಿದ ಮೇಲೆಯೇ ಅರಿಶಿನದ ಬಣ್ಣ ಮರಳುವುದು. ಹುಣಸೆ ನೀರು ತೆಳುವಾಗಿದ್ದು ಸುಣ್ಣ ಜಾಸ್ತಿಯಿದ್ದರೆ ಬಣ್ಣ ಬದಲಾಗುವುದೇ ಇಲ್ಲ, ಆಗ ಮಗು ಆಮ್ಲವನ್ನು ತಟಸ್ಥವೆಂದು ಬರೆಯುತ್ತದೆ. ಸುಣ್ಣವನ್ನು ನೀರಿನಲ್ಲಿ ಕಲಸಿ, ತಳ ಬಿಟ್ಟ ತಿಳಿಯನ್ನು ಮಾತ್ರ ತೆಗೆದುಕೊಂಡು, ಅರಿಶಿನದ ನೀರು ಆಗತಾನೇ ಕೆಂಪಿಗೆ ತಿರುಗುವಷ್ಟು ಹನಿ ಹಾಕಿ ಅಲ್ಲಿಗೆ ನಿಲ್ಲಿಸಬೇಕು. ಆಗ ಅದು ತೆಳು ಹುಣಸೆ ನೀರಿಗೂ ಬೇಗನೆ ಸ್ಪಂದಿಸುತ್ತದೆ. ಸಾದಾ ನೀರನ್ನು ಅಷ್ಟೇ ಅಳತೆಯಲ್ಲಿ ಹಾಕಿದ ಮೂರನೆಯ ಲೋಟವೊಂದನ್ನು ಹೋಲಿಕೆಗಾಗಿ ಪಕ್ಕದಲ್ಲಿ ಇಡಲೇಬೇಕು, ಇಲ್ಲವಾದರೆ ಬಣ್ಣ ತೆಳುವಾದದ್ದಕ್ಕೂ ಬದಲಾದದ್ದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಬೇಲಿಗಳಲ್ಲಿ ಹಬ್ಬುವ ನೀಲಿ ಶಂಖಪುಷ್ಪ ನಿಮ್ಮಲ್ಲಿ ಸಿಕ್ಕರೆ ಅದನ್ನೂ ಬಳಸಿ. ಅದರ ಕಷಾಯ ತಟಸ್ಥದಲ್ಲಿ ನೀಲಿ, ಆಮ್ಲದಲ್ಲಿ ನೇರಳೆ ಅಥವಾ ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ಆಮ್ಲವನ್ನೂ ತಟಸ್ಥವನ್ನೂ ಬೇರ್ಪಡಿಸಲು ಅರಿಶಿನಕ್ಕಿಂತ ಅದು ಎಷ್ಟೋ ಮೇಲು. ಬೀಟ್‌ರೂಟ್ ಬೇಡ, ಅದರ ಕೆಂಪು ಆಮ್ಲದಲ್ಲೂ ನೀರಿನಲ್ಲೂ ಹೆಚ್ಚುಕಡಿಮೆ ಒಂದೇ.

ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಎಲ್ಲರಿಗೂ ಧನ್ಯವಾದಗಳು. ದಾಸವಾಳದ ಸಂಗತಿ ನೀವು ಹೇಳಿದಂತೆಯೇ ಆಗಿತ್ತು. ಬಿಸಿಯೂಟದ ಅಡುಗೆಮನೆಯಿಂದ ತಂದ ಅಲ್ಯೂಮಿನಿಯಂ ಪಾತ್ರೆ, ಕೊಳವೆಬಾವಿಯ ನೀರು, ಎರಡೂ ಸೇರಿದ್ದವು. ಶುದ್ಧೀಕರಣ ಘಟಕದ ನೀರಿನಲ್ಲಿ, ಗಾಜಿನ ಬೀಕರಿನಲ್ಲಿ ನೆನೆಸಿದಾಗ ಕಷಾಯ ನೇರಳೆ ಗುಲಾಬಿಯಾಗಿ ಬಂತು, ಆಮ್ಲದಲ್ಲಿ ಗಾಢ ಕೆಂಪಾಯಿತು, ಉಪ್ಪುನೀರಿನಲ್ಲಿ ತನ್ನ ಬಣ್ಣದಲ್ಲಿಯೇ ಉಳಿಯಿತು.

ಆದರೆ ಫೀನಾಫ್ತಲೀನ್ ಪ್ರಯೋಗದಲ್ಲಿ ಒಂದು ತೊಡಕು ಬಂದಿದೆ. ಮೈಸೂರಿನ ಹಿರಿಯರು ಹೇಳಿದಂತೆ ಇ ಪ್ರನಾಳದ ಗುಲಾಬಿ ದ್ರಾವಣವನ್ನು ಒಂದೊಂದೇ ಹನಿ ತೆಗೆದು ಅ ಮತ್ತು ಆ ಮಾದರಿಗಳಿಗೆ ಹಾಕಲು ಹೇಳಿದೆ. ಹಿಂದಿನ ದ್ರಾವಣಗಳಿಗೆ ಸೂಚಕ ಸೇರಿದ್ದುದರಿಂದ ಹೊಸದಾಗಿ, ಸೂಚಕ ಹಾಕದ 5 ಮಿಲಿಲೀಟರ್ ಆಮ್ಲ ಮತ್ತು 5 ಮಿಲಿಲೀಟರ್ ಉಪ್ಪುನೀರನ್ನು ತೆಗೆದುಕೊಂಡಿದ್ದೆವು. ಆಮ್ಲದಲ್ಲಿ ಗುಲಾಬಿ ತಕ್ಷಣ ಮಾಯವಾಯಿತು. ಆದರೆ ಉಪ್ಪುನೀರಿನಲ್ಲಿಯೂ ಒಂದು ಹನಿಯ ಬಣ್ಣ ಕಣ್ಣಿಗೆ ಕಾಣದಂತಾಯಿತು. ಮೂರು ಗುಂಪುಗಳ ಮಕ್ಕಳು ಎರಡನ್ನೂ ಆಮ್ಲವೆಂದು ಬರೆದರು.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮೈಸೂರು

ಮೇಡಂ, ಈ ಲೋಪ ನನ್ನದು. ಆ ಸಾಲನ್ನು ನಾನು ಅವಸರದಲ್ಲಿ ಬರೆದೆ. ಉಪ್ಪುನೀರಿನಲ್ಲಿ ಗುಲಾಬಿ ಕಾಣದಿರಲು ಕಾರಣ ತಟಸ್ಥೀಕರಣವಲ್ಲ, ಬಣ್ಣ ತೆಳುವಾದದ್ದು. ಒಂದು ಹನಿ ಅಂದಾಜು 0.05 ಮಿಲಿಲೀಟರ್. ಅದು 5 ಮಿಲಿಲೀಟರಿನಲ್ಲಿ ಸೇರಿದಾಗ ವರ್ಣದ್ರವ್ಯ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆ ದ್ರಾವಣದ ಪಿಎಚ್ ಈಗಲೂ 8.2ಕ್ಕಿಂತ ಸಾಕಷ್ಟು ಮೇಲೆಯೇ ಇದೆ, ಆದರೆ ತೋರಿಸಬೇಕಾದ ಸೂಚಕವೇ ಅಲ್ಲಿ ಸಾಕಷ್ಟಿಲ್ಲ. ಪರೀಕ್ಷಿಸಬೇಕೆಂದಿದ್ದರೆ ಅದೇ ಪ್ರನಾಳಕ್ಕೆ ಎರಡು ಹನಿ ಹೊಸ ಫೀನಾಫ್ತಲೀನ್ ಹಾಕಿ ನೋಡಿ, ಗುಲಾಬಿ ಮತ್ತೆ ಎದ್ದು ಬರುತ್ತದೆ.

ಆದ್ದರಿಂದ ಕ್ರಮವನ್ನು ಹೀಗೆ ಬದಲಿಸಿ. ಮೂರೂ ಪ್ರನಾಳಗಳಿಗೆ ಸಮಪ್ರಮಾಣದಲ್ಲಿ ಸೂಚಕವನ್ನು ಮೊದಲೇ ಹಾಕಿಸಿ. ನಿಮ್ಮ ಪರೀಕ್ಷೆಯಲ್ಲಿ ಹಾಗೆಯೇ ಇತ್ತು, ಆ ಪ್ರನಾಳಗಳನ್ನೇ ಬಳಸಬಹುದಿತ್ತು. ಬಳಿಕ ಇ ಪ್ರನಾಳದ ದ್ರಾವಣವನ್ನು ಅ ಮತ್ತು ಆ ಪ್ರನಾಳಗಳಿಗೆ ಹನಿಹನಿಯಾಗಿ ಹಾಕಿ, ಪ್ರತಿ ಹನಿಯ ನಂತರ ಅಲುಗಾಡಿಸಿ, ಹನಿಗಳನ್ನು ಎಣಿಸಿ. ಉಪ್ಪುನೀರು ಮೊದಲ ಒಂದೆರಡು ಹನಿಗಳಲ್ಲಿಯೇ ಗುಲಾಬಿಯಾಗಿ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಪ್ರತ್ಯಾಮ್ಲವನ್ನು ಕಬಳಿಸುವಂಥದ್ದು ಏನೂ ಇಲ್ಲ. ಆಮ್ಲದಲ್ಲಿ ಹನಿ ಬಿದ್ದ ಜಾಗದಲ್ಲಿ ಗುಲಾಬಿ ಮಿಂಚಿ ಮರೆಯಾಗುತ್ತಲೇ ಇರುತ್ತದೆ; ವಾಷಿಂಗ್ ಸೋಡಾ ಆದ್ದರಿಂದ ಸಣ್ಣ ಗುಳ್ಳೆಗಳೂ ಏಳಬಹುದು. ಆಮ್ಲ ತೀರಿದ ಮೇಲೆ ಅದೂ ಗುಲಾಬಿಯಾಗುತ್ತದೆ, ಆದ್ದರಿಂದ ಕೊನೆಗೆ ಬಂದ ಬಣ್ಣವನ್ನು ಬರೆದರೆ ಪ್ರಯೋಜನವಿಲ್ಲ, ಹನಿಗಳ ಸಂಖ್ಯೆಯನ್ನು ಬರೆಯಬೇಕು. ಈ ರೀತಿಯಲ್ಲಿ ಮಾಡಿದರೆ ಮಕ್ಕಳು ಪದವಿಪೂರ್ವ ತರಗತಿಯಲ್ಲಿ ಮಾಡಲಿರುವ ಅನುಮಾಪನದ (ಟೈಟ್ರೇಷನ್) ಬೀಜವೂ ಇಲ್ಲಿಯೇ ಬಿದ್ದಂತಾಗುತ್ತದೆ. ಗುಲಾಬಿಯಾದ ಉಪ್ಪುನೀರನ್ನು ಬಹಳ ಹೊತ್ತು ಇಟ್ಟು ನೋಡಬೇಡಿ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ತೆಳು ಗುಲಾಬಿ ತಾನಾಗಿಯೇ ಮಾಸುತ್ತದೆ.

ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಸರ್ ಹೇಳಿದಂತೆ ಎಳನೀರಿಗೆ ಮೀಥೈಲ್ ಆರೆಂಜ್ ಹಾಕಿ ನೋಡಿದೆ, ಹಳದಿಯೇ ಬಂತು. ನನ್ನ ಅಭಿಪ್ರಾಯ ತಪ್ಪಾಗಿತ್ತು. ಹನಿ ಎಣಿಸುವ ಕ್ರಮದ ಪರವಾಗಿ ಇನ್ನೊಂದು ಕಾರಣವನ್ನು ಸೇರಿಸಬಯಸುತ್ತೇನೆ. ನಮ್ಮ ತರಗತಿಯ ಒಬ್ಬ ಗೆಳೆಯನಿಗೆ ಕೆಂಪು ಮತ್ತು ಹಸಿರು ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಮೀಥೈಲ್ ಆರೆಂಜ್‌ನ ಕಿತ್ತಳೆ ಎಲ್ಲಿ ಮುಗಿದು ಹಳದಿ ಎಲ್ಲಿ ಆರಂಭವಾಯಿತೆಂದು ಅವನು ಯಾವಾಗಲೂ ಬೇರೆಯವರನ್ನು ಕೇಳಬೇಕಾಗುತ್ತದೆ. ಫೀನಾಫ್ತಲೀನ್‌ನಲ್ಲಿ ಬಣ್ಣ ಇದೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾದ್ದರಿಂದ, ಹಿಂದೆ ಬಿಳಿಯ ಕಾಗದ ಹಿಡಿದರೆ ಅವನು ತಾನಾಗಿಯೇ ಓದಬಲ್ಲ. ಪ್ರೌಢಶಾಲೆಯಲ್ಲಿ ಇಂತಹ ಮಕ್ಕಳು ಹೇಳಿಕೊಳ್ಳಲಾರದೆ ಪಕ್ಕದವರ ಉತ್ತರವನ್ನು ನೋಡಿ ಬರೆಯುತ್ತಾರೆ.

ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಇಂದು ಹೊಸ ಕ್ರಮದಲ್ಲಿ ಮಾಡಿಸಿದೆ. ಉಪ್ಪುನೀರು ಎರಡನೆಯ ಹನಿಗೆ ಗುಲಾಬಿಯಾಯಿತು, ಆಮ್ಲದ ಪ್ರನಾಳದಲ್ಲಿ ಮಕ್ಕಳು ನಲವತ್ತರವರೆಗೆ ಎಣಿಸಿ ನಿಲ್ಲಿಸಿದರು. ಯಾವ ಗುಂಪೂ ತಪ್ಪಲಿಲ್ಲ. ಆ ಹುಡುಗಿಯನ್ನು ಕರೆದು, ಅವಳ ಉತ್ತರವೇ ಸರಿಯಾಗಿತ್ತೆಂದು ತರಗತಿಯ ಮುಂದೆ ಹೇಳಿ ಅಂಕವನ್ನು ತಿದ್ದಿದ್ದೇನೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಹಾಗಾದರೆ ಇ ಪ್ರನಾಳವೇ ಇಲ್ಲದೆ ಅ ಮತ್ತು ಆ ಮಾತ್ರ ಇದ್ದಿದ್ದರೆ?’ ಆಗ ಈ ಸೂಚಕವೊಂದರಿಂದಲೇ ಹೇಳಲು ಸಾಧ್ಯವಾಗುತ್ತಿರಲಿಲ್ಲ, ನೀನು ಬರೆದಿದ್ದ ವಾಕ್ಯವೇ ಉತ್ತರವಾಗುತ್ತಿತ್ತು ಎಂದೆ.

ಮುಂದಿನ ಪರೀಕ್ಷೆಗೆ ಪ್ರಶ್ನೆಯನ್ನು ಹೀಗೆ ಬದಲಿಸಿದ್ದೇನೆ, ದೋಷವಿದ್ದರೆ ತಿಳಿಸಿ: ‘ಅ, ಆ, ಇ ಪ್ರನಾಳಗಳಲ್ಲಿ ಆಮ್ಲ, ಪ್ರತ್ಯಾಮ್ಲ ಮತ್ತು ತಟಸ್ಥ ದ್ರಾವಣಗಳಿವೆ. ನಿಮಗೆ ಫೀನಾಫ್ತಲೀನ್ ಮತ್ತು ಡ್ರಾಪರ್‌ಗಳನ್ನು ಮಾತ್ರ ಕೊಡಲಾಗಿದೆ. ಸೂಚಕವನ್ನು ಹಾಕಿದ ಕೂಡಲೇ ಯಾವುದನ್ನು ಖಚಿತವಾಗಿ ಹೇಳಬಹುದು, ಯಾವುದನ್ನು ಹೇಳಲಾಗದು ಎಂದು ಬರೆಯಿರಿ. ಉಳಿದೆರಡನ್ನು ಗುರುತಿಸಲು ನೀವು ಮಾಡಿದ್ದೇನು, ಪ್ರತಿಯೊಂದಕ್ಕೂ ಎಷ್ಟು ಹನಿ ಬೇಕಾಯಿತು ಎಂಬುದನ್ನು ದಾಖಲಿಸಿರಿ.’

ನೀರು ಪರೀಕ್ಷಾ ಪ್ರಯೋಗಾಲಯದ ತಂತ್ರಜ್ಞ, ಬೆಂಗಳೂರು

ಪ್ರಶ್ನೆ ಚೆನ್ನಾಗಿದೆ, ಮೇಡಂ. ಒಂದನ್ನು ಮಾತ್ರ ಸೇರಿಸಿ: ಪ್ರತಿ ಪ್ರನಾಳಕ್ಕೂ ಬೇರೆ ಬೇರೆ ಡ್ರಾಪರ್ ಬಳಸಬೇಕು, ಅಥವಾ ಒಂದೇ ಇದ್ದರೆ ಪ್ರತಿ ಸಲವೂ ತೊಳೆಯಬೇಕು ಎಂದು. ಇ ಪ್ರನಾಳದ ಡ್ರಾಪರನ್ನು ತಪ್ಪಿ ಉಪ್ಪುನೀರಿನೊಳಗೆ ಅದ್ದಿದರೆ ಎಣಿಕೆ ಶುರುವಾಗುವ ಮೊದಲೇ ಅದು ಗುಲಾಬಿಯಾಗಿರುತ್ತದೆ. ಉಪ್ಪಿನ ದ್ರಾವಣವನ್ನು ಕೊಳವೆಬಾವಿಯ ನೀರಿನಲ್ಲಿ ಮಾಡಬೇಡಿ.